ಮನೆ ಎದುರು ಫ್ಯಾಕ್ಟರಿ, ಕೆಲಸ ಹೈದರಾಬಾದ್‌ನಲ್ಲಿ

ವಾಡಿ ಸ್ಟೇಷನ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕುಂತು ಇದನ್ನ ಕೇಳ್ತಿರೋರು ಒಂದಿಬ್ಬರಾದ್ರೂ ಇರ್ತೀರಿ ಅಂತ ನಂಗೊತ್ತು. ಹೈದರಾಬಾದ್ ಗಾಡಿ ಲೇಟಾದ್ರೆ ಒಳ್ಳೇದೇ, ಎಪಿಸೋಡ್ ಪೂರ್ತಿ ಆಗುತ್ತೆ.

ಹೋದ ವಾರ ನಮ್ಮ ಕಾಕಾನ ಮಗ ಸೇಡಂನಿಂದ ಫೋನ್ ಮಾಡಿದ್ದ. ಪಿಯುಸಿ ಕಾಮರ್ಸ್ ಪಾಸಾಗಿದ್ದಾನೆ. "ಅಣ್ಣಾ, ಬಿ.ಕಾಂ. ಸೇರ್ಲೋ, ಐಟಿಐ ಸೇರ್ಲೋ? ನೀ ಬಿ.ಕಾಂ. ಮಾಡೀದಿ, ನೀನೇ ಹೇಳು" ಅಂದ. ನಾನು "ನಾಳೆ ಹೇಳ್ತೀನಿ" ಅಂತ ಫೋನ್ ಇಟ್ಟೆ. ಆ ನಾಳೆ ಬಂದು ಆರು ದಿನ ಆಯ್ತು. ಅವನಿಗೆ ಏನು ಹೇಳಬೇಕು ಅಂತ ಯೋಚಿಸ್ತಾ ಇದ್ದದ್ದೇ ಇವತ್ತಿನ ಮಾತು.

ನಮ್ಮ ಭಾಗದ ನಕ್ಷೆ ಒಮ್ಮೆ ನೋಡ್ರಿ. ವಾಡಿಯಲ್ಲಿ ಎಸಿಸಿ. ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ಎರಡೂ ಈಗ ಅಲ್ಟ್ರಾಟೆಕ್. ಕೋಡ್ಲಾದಲ್ಲಿ ಶ್ರೀ ಸಿಮೆಂಟ್. ಚಿತ್ತಾಪುರ ತಾಲೂಕಿನ ಇಟಗಾದಲ್ಲಿ ಓರಿಯಂಟ್. ಚಿಂಚೋಳಿ ಕಡೆ ಚೆಟ್ಟಿನಾಡ್, ಛತ್ರಸಾಲದಲ್ಲಿ ಕಲಬುರ್ಗಿ ಸಿಮೆಂಟ್. ಎಸಿಸಿ 2022ರಲ್ಲಿ ಅದಾನಿ ಕೈಗೆ ಹೋಯ್ತು, ಓರಿಯಂಟ್ 2025ರಲ್ಲಿ. ನೆಲದಡಿ ಸುಣ್ಣದ ಕಲ್ಲು ಇರೋವರೆಗೆ ಇವು ಎಲ್ಲೂ ಹೋಗಲ್ಲ. ಹಂಗಿದ್ರೂ ನಮ್ಮ ಹುಡುಗರು ಬ್ಯಾಗ್ ಹಿಡಿದು 1874ರಲ್ಲಿ ನಿಜಾಮರು ಹಾಕಿಸಿದ ಅದೇ ಲೈನ್‌ನಲ್ಲಿ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದ್‌ಗೆ ಹೊಂಟಿದ್ದಾರೆ. ಚಿಂಚೋಳಿಯವರಿಗೆ ಆ ರೈಲೂ ಊರಲ್ಲಿ ಇಲ್ಲ, ಮೊದಲು ಬಸ್ ಹತ್ತಬೇಕು.

ಯಾಕೆ ಹಿಂಗ? ನಾನು ಒಂದು ವರ್ಷ ಒಂದು ಫ್ಯಾಕ್ಟರಿಯ ಡಿಸ್‌ಪ್ಯಾಚ್‌ನಲ್ಲಿ ಕೆಲಸ ಮಾಡೀನಿ. ಲಾರಿ ನಂಬರ್, ಚೀಲದ ಲೆಕ್ಕ ಕಂಪ್ಯೂಟರ್‌ಗೆ ಹೊಡೆಯೋದು. ಬಿ.ಕಾಂ. ಅಲ್ಲಿ ಅಷ್ಟಕ್ಕೇ ಬೇಕಾಗಿತ್ತು. ಒಮ್ಮೆ ಕಂಟ್ರೋಲ್ ರೂಮ್ ನೋಡೋ ಅವಕಾಶ ಸಿಕ್ತು. ಎಸಿ ಹಾಕಿದ ಕೋಣೆ, ಗೋಡೆ ತುಂಬ ಸ್ಕ್ರೀನ್. ಹೊರಗೆ ಕಿಲ್ನ್ ಒಳಗ 1,450 ಡಿಗ್ರಿ ಬೆಂಕಿ, ಕಲ್ಲು ಕ್ಲಿಂಕರ್ ಆಗ್ತಾ ಇದೆ. ಒಳಗೆ ಮೌಸ್ ಹಿಡಿದು ಕುಂತೋರು ಬೆರಳೆಣಿಕೆ ಜನ. ಕ್ರಷರ್, ಮಿಲ್, ಕಿಲ್ನ್ ಎಲ್ಲಾ ಅಲ್ಲಿಂದಲೇ. ನಮ್ಮ ಅಜ್ಜನ ಕಾಲದಲ್ಲಿ ಶಹಾಬಾದ್‌ನ ಹಳೇ ಸಿಮೆಂಟ್ ಕಾರ್ಖಾನೆ ಸೈರನ್ ಹೊಡೆದರೆ ಇಡೀ ಊರು ಗೇಟಿಗೆ ಹೊಂಟಂಗ ಇರ್ತಿತ್ತಂತೆ. ಅದು ಮುಚ್ಚಿ ಎಷ್ಟೋ ವರ್ಷವಾಯ್ತು. ಈಗಿನ ಫ್ಯಾಕ್ಟರಿಗೆ ಊರು ಬೇಕಾಗಿಲ್ಲ. ಬೇಕಾಗಿರೋದು ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್. ಉಳಿದದ್ದು ಲೋಡಿಂಗ್, ಸಫಾಯಿ, ಸೆಕ್ಯುರಿಟಿ. ಅದು ಗುತ್ತಿಗೆ.

ಗುತ್ತಿಗೆ ಅಂದಾಗ ನೆನಪಾಯ್ತು. ನಮ್ಮ ಗುತ್ತಿಗೆದಾರ ಹನ್ನೆರಡು ತಿಂಗಳು ಪಿಎಫ್ ಅಂತ ಸಂಬಳದಲ್ಲಿ ಕಟ್ ಮಾಡಿದ. ಬಿಟ್ಟ ಮೇಲೆ ಪಾಸ್‌ಬುಕ್ ತೆಗೆದು ನೋಡಿದ್ರೆ ನಾಲ್ಕೇ ತಿಂಗಳು ಕಟ್ಟಿದ್ದ. ಲೆಕ್ಕ ಓದಿದ ಹುಡುಗ ನಾನು, ನನ್ನದೇ ಲೆಕ್ಕ ನೋಡಿರಲಿಲ್ಲ! ನಗಬ್ಯಾಡ್ರಿ. ನಿಮ್ಮ ಯುಎಎನ್ ನಂಬರ್ ಹಾಕಿ ಉಮಂಗ್ ಆ್ಯಪ್‌ನಲ್ಲಿ ಈಗಲೇ ನೋಡ್ರಿ, ನಾನು ಕಾಯ್ತೀನಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಎಲ್ಲಾ ಕಾರ್ಮಿಕರಿಗೂ ಕಡ್ಡಾಯ. ಬರೀ ಗೇಟ್ ಪಾಸ್ ಕೊಟ್ರೆ ಸುಮ್ಮನಿರಬ್ಯಾಡ್ರಿ, ಪತ್ರ ಕೇಳ್ರಿ.

"ನಮಗ 371(ಜೆ) ಅದ ಅಲ್ಲೇನ್ರಿ" ಅಂತ ಕಮೆಂಟ್ ಹಾಕ್ತೀರಿ. ಅದ. 2013ರಿಂದ ಸರ್ಕಾರಿ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಸಿಗ್ತಿದೆ. ಅದು ದೊಡ್ಡದು, ಸಣ್ಣದು ಮಾಡಲ್ಲ ನಾನು. ಆದರೆ ಖಾಸಗಿ ಫ್ಯಾಕ್ಟರಿ ಗೇಟಿನ ಒಳಗೆ ಅದು ನಡೆಯಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯಮದಲ್ಲಿ ಆಡಳಿತ ಹುದ್ದೆಗಳಿಗೆ ಶೇ 50, ಉಳಿದವಕ್ಕೆ ಶೇ 70 ಸ್ಥಳೀಯರಿಗೆ ಅಂತ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗದ್ದಲ ಮಾಡಿದ್ರು, ಎರಡೇ ದಿನದಲ್ಲಿ ತಡೆಹಿಡಿದರು. ನನ್ನ ತಕರಾರು ಬೇರೇನೇ. ಆ ಮಸೂದೆಯಲ್ಲಿ ಸ್ಥಳೀಯ ಅಂದ್ರೆ ಇಡೀ ಕರ್ನಾಟಕ. ಮೈಸೂರಿನವನೂ ಕೋಡ್ಲಾಕ್ಕೆ ಸ್ಥಳೀಯನೇ. ಧೂಳು ಕುಡಿಯೋ ಊರಿನವನಿಗೆ ಅದರಲ್ಲಿ ವಿಶೇಷ ಏನೂ ಇರಲಿಲ್ಲ.

ಸರ್ಕಾರಿ ಪರೀಕ್ಷೆ ಬಗ್ಗೆ ಜಾಸ್ತಿ ಮಾತಾಡಲ್ಲ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯ್ತು, ಅಕ್ರಮ ಹೊರಬಿದ್ದದ್ದು ನಮ್ಮ ಕಲಬುರಗಿಯಲ್ಲೇ, ಮರುಪರೀಕ್ಷೆ 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಹುಡುಗನ ಎರಡು ವರ್ಷಕ್ಕೆ ಲೆಕ್ಕ ಕೊಡೋರು ಯಾರು?

ಹಂಗಾದ್ರ ದಾರಿ ಎಲ್ಲಿದೆ? ಕಡಿಮೆ ಜನ ಮಾತಾಡೋ ಒಂದು ಕಾನೂನು ಇದೆ, 1961ರ ಅಪ್ರೆಂಟಿಸ್ ಕಾಯ್ದೆ. ಅದರ ನಿಯಮದ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಜನ ಇರೋ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. ಮಜಾ ಏನಂದ್ರೆ, ಆ ಒಟ್ಟು ಲೆಕ್ಕದಲ್ಲಿ ಗುತ್ತಿಗೆಯವರೂ ಸೇರ್ತಾರೆ. ಅಂದ್ರೆ ಗುತ್ತಿಗೆ ಎಷ್ಟು ಜಾಸ್ತಿಯೋ, ಅಪ್ರೆಂಟಿಸ್ ಸೀಟೂ ಅಷ್ಟು ಜಾಸ್ತಿ ಆಗಬೇಕು. ಸ್ಟೈಪೆಂಡ್ ಜೊತೆ ಕಲಿಕೆ, ಆಮೇಲೆ ದೇಶದ ಯಾವ ಮೂಲೆಗೆ ಹೋದ್ರೂ ನಡೆಯೋ ಸರ್ಟಿಫಿಕೇಟ್. ಈಗಿನ ಸರ್ಕಾರದಲ್ಲಿ ಕೌಶಲ್ಯಾಭಿವೃದ್ಧಿ ಸಚಿವರು ಸೇಡಂ ಶಾಸಕರು, ಐಟಿ-ಬಿಟಿ ಸಚಿವರು ಚಿತ್ತಾಪುರದ ಶಾಸಕರು. ಯಾವ ಫ್ಯಾಕ್ಟರಿ ಎಷ್ಟು ಅಪ್ರೆಂಟಿಸ್ ತಗೊಂಡಿದೆ, ಅದರಲ್ಲಿ ಈ ತಾಲೂಕಿನವರು ಎಷ್ಟು ಅನ್ನೋ ಪಟ್ಟಿ ವರ್ಷಕ್ಕೊಮ್ಮೆ ತಹಶೀಲ್ದಾರ್ ಕಚೇರಿ ಗೋಡೆಗೆ ಅಂಟಿಸಿದ್ರೆ ಸಾಕು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ.

ಆದರೆ ಆ ಮೆಟ್ಟಿಲು ಹತ್ತೋಕೆ ಮೊದಲು ಎಸ್ಎಸ್ಎಲ್‌ಸಿ ಪಾಸಾಗಬೇಕಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡಕ್ಕೂ ಹತ್ತನೇ ತರಗತಿ ಬೇಕು. 2025ರ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43, ರಾಜ್ಯಕ್ಕೇ ಕೊನೆ. ದಕ್ಷಿಣ ಕನ್ನಡ ಶೇ 91 ದಾಟಿತ್ತು. ನಮ್ಮ ಮಕ್ಕಳು ದಡ್ಡರಲ್ಲ. ಸುಗ್ಗಿ ಬಂತಂದ್ರ ತೊಗರಿ ಕೊಯ್ಲಿಗೆ ಹೋಗಬೇಕು, ತಾಂಡಾದಿಂದ ಅಪ್ಪ ಅವ್ವ ಮುಂಬೈಗೆ ದುಡಿಯೋಕೆ ಹೋದ್ರೆ ಜೊತೆಗೆ ಹೋಗಬೇಕು, ವಾಪಸ್ ಬರೋದ್ರೊಳಗೆ ಗಣಿತದ ಅರ್ಧ ಪುಸ್ತಕ ಮುಗಿದಿರುತ್ತೆ. ಪದವಿ ಮುಗಿಸಿದವನಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ಸಿಗ್ತದೆ, ಎರಡು ವರ್ಷ. ಹತ್ತರಲ್ಲಿ ಬಿದ್ದವನಿಗೆ ಏನೂ ಇಲ್ಲ. ಅವನೇ ಅಲ್ವಾ ಮೊದಲು ರೈಲು ಹತ್ತೋನು?

ನಿನ್ನೆ ರಾತ್ರಿ ಕೊನೆಗೂ ತಮ್ಮನಿಗೆ ಫೋನ್ ಹಚ್ಚಿದೆ. ಎಲೆಕ್ಟ್ರಿಷಿಯನ್ ಸೇರು, ಬಿ.ಕಾಂ. ಬೇಕಂದ್ರ ಮುಕ್ತ ವಿಶ್ವವಿದ್ಯಾಲಯದಾಗ ಕಟ್ಟು ಅಂದೆ. ಕಾಕು ಫೋನ್ ಕಸ್ಕೊಂಡು, "ನೀ ಡಿಗ್ರಿ ಮಾಡಿ ಮೈಕ್ ಹಿಡ್ಕೊಂಡು ಕುಂತಿ, ನನ್ನ ಮಗನ್ನ ವೈರ್ ಹಿಡಿಸ್ತಿಯೇನು?" ಅಂತ ಬೈದ್ರು. ಅವರ ಮಾತಲ್ಲೂ ನೋವಿದೆ. ಆ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತೋ ಮೊದಲನೇ ಹುಡುಗ ಅವನಾಗ್ತಿದ್ದ. ನನ್ನ ಹತ್ರ ಜವಾಬು ಇರಲಿಲ್ಲ. ನನ್ನ ಪಿಎಫ್ ಪಾಸ್‌ಬುಕ್‌ನ ಸ್ಕ್ರೀನ್‌ಶಾಟ್ ಕಳಿಸಿದೆ ಅಷ್ಟೇ.

ಸೋಮವಾರ ನಾನೂ ಸೇಡಂಗೆ ಹೊಂಟೀನಿ. ಅರ್ಜಿ ತುಂಬೋದೋ, ಕಾಕುನ ಕಡೆ ಇನ್ನೊಂದು ಸಲ ಬೈಸ್ಕೊಳ್ಳೋದೋ ಗೊತ್ತಿಲ್ಲ. ನೀವು ಅಪ್ರೆಂಟಿಸ್ ಮಾಡಿದ್ರೆ, ಸ್ಟೈಪೆಂಡ್ ಎಷ್ಟು ಬಂತು, ಆಮೇಲೆ ಕೆಲಸಕ್ಕೆ ತಗೊಂಡ್ರೋ ಇಲ್ಲೋ, ಒಂದು ವಾಯ್ಸ್ ನೋಟ್ ಕಳಿಸ್ರಿ. ಅವರಿಗೆ ಕೇಳಿಸಬೇಕಾಗಿದೆ.