ಕೀಲಿಮಣೆಯ ಒಳದಾರಿಗಳು



ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ನವನಗರವಿದೆ. ಆ ಹೆಸರನ್ನು ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರೆಯಲು ಎಷ್ಟು ಕೀಲಿ ಒತ್ತಬೇಕು, ಲೆಕ್ಕ ಹಾಕಿದ್ದೀರಾ? ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡಕ್ಕೆ ತಿರುಗಿಸುವ ಪದ್ಧತಿಯಲ್ಲಿ ಹತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಐದೇ ಐದು: ಎನ್, ವಿ, ಎನ್, ಜಿ, ಆರ್.

ಕಾರಣ ಸರಳ. ನಮ್ಮ ವ್ಯಂಜನದೊಳಗೆ ಅಕಾರ ಮೊದಲೇ ಸೇರಿಕೊಂಡಿದೆ. ಇದ್ದುದನ್ನೇ ಮತ್ತೆ ಮತ್ತೆ ಒತ್ತುವ ಅಗತ್ಯವಿಲ್ಲ. ಅಕ್ಷರ ಜೋಡಣೆಯ ಯಂತ್ರಗಳನ್ನು ಮಾಡುತ್ತಿದ್ದ ಮೊನೊಟೈಪ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ರಾವ್ ಅವರು ನಮ್ಮ ಲಿಪಿಯ ಈ ಗುಣವನ್ನು ಹಿಡಿದರು. ಅವರ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಇರುವುದೂ ಅದೇ.

"ಕನ್ನಡದಲ್ಲಿ ಟೈಪ್ ಮಾಡೋದು ಬಹಳ ನಿಧಾನ ಸರ್" ಎಂದು ಅನೇಕ ವಿದ್ಯಾರ್ಥಿಗಳು ಹೇಳುತ್ತಾರೆ. ಹೀಗೆ ಹೇಳಿ ಗೆಳೆಯರಿಗೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುತ್ತಾರೆ, ಪ್ರಬಂಧವನ್ನು ಇಂಗ್ಲಿಷಿನಲ್ಲೇ ಮುಗಿಸುತ್ತಾರೆ. ಒಂದು ಭಾಷೆಯನ್ನು ಬರೆಯುವ ಅಭ್ಯಾಸ ತಪ್ಪಿ ಹೋಗಲು ಇಷ್ಟು ಸಣ್ಣ ನೆಪ ಸಾಕು ಎಂಬುದು ನನಗೆ ಚಿಂತೆಯ ವಿಷಯ. ಆದ್ದರಿಂದ ಲೆಕ್ಕವನ್ನು ನೀವೇ ಮಾಡಿ. 'ಧಾರವಾಡ' ಉಚ್ಚಾರದ ಪದ್ಧತಿಯಲ್ಲಿ ಒಂಬತ್ತು ಕೀಲಿ, ಇಲ್ಲಿ ಆರು. 'ಕನ್ನಡ' ಅಲ್ಲಿ ಏಳು, ಇಲ್ಲಿ ಐದು. ಶಿಫ್ಟ್ ಒತ್ತುವುದನ್ನು ಎರಡೂ ಕಡೆ ಬಿಟ್ಟಿದ್ದೇನೆ.

ಒತ್ತಕ್ಷರ ಬಂದಾಗ ಮಾತ್ರ ಲೆಕ್ಕ ತುಸು ತಿರುಗುತ್ತದೆ. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಅವು ಕೂಡಿಕೊಳ್ಳುತ್ತವೆ. ಹೀಗಾಗಿ 'ಹುಬ್ಬಳ್ಳಿ'ಗೆ ಒಂಬತ್ತು ಕೀಲಿ. ಉಚ್ಚಾರದ ಪದ್ಧತಿಯಲ್ಲಿ ಎಂಟು. ಹುಬ್ಬಳ್ಳಿಯವರು ಈ ಒಂದು ಕೀಲಿಯ ನಷ್ಟ ಸಹಿಸಿಕೊಳ್ಳಬೇಕು! ಇದರಲ್ಲೂ ಒಂದು ಪಾಠವಿದೆ. ಯೂನಿಕೋಡ್ ಪದ್ಧತಿಯಲ್ಲಿ ಆ ಪದ ಕಂಪ್ಯೂಟರಿನ ಸ್ಮೃತಿಯಲ್ಲಿ ಕೂರುವುದೂ ಒಂಬತ್ತು ಸಂಕೇತಗಳಾಗಿಯೇ. ಪದದ ಕೊನೆಯಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಸಾಮಾನ್ಯವಾಗಿ 'ಳ್ಳಿ' ಪೂರ್ತಿ ಹೋಗುವುದಿಲ್ಲ, ಗುಡಿಸು ಮಾತ್ರ ಹೋಗಿ 'ಳ್ಳ' ಉಳಿಯುತ್ತದೆ. ಕಾಗುಣಿತದ ಒಂದು ತಪ್ಪಿಗೆ ಇಡೀ ಅಕ್ಷರ ಅಳಿಸಬೇಕಿಲ್ಲ. ಪೂರ್ತಿ ಪದವೇ ಬೇಡವೆಂದರೆ ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿ.

ಈ ಕಂಟ್ರೋಲ್ ಕೀಲಿ ಎಲ್ಲಿಂದ ಬಂತು? ಟೆಲಿಟೈಪ್ ಯಂತ್ರಗಳ ಕಾಲದಿಂದ. 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಸಂಕೇತಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ; ದೊಡ್ಡ ಜಿ ಅಕ್ಷರಕ್ಕೆ 71. ಕಂಟ್ರೋಲ್ ಹಿಡಿದರೆ ಅದರಲ್ಲಿ 64 ಕಳೆಯುತ್ತದೆ, ಉಳಿಯುವುದು 7. ಏಳನೆಯ ಸಂಕೇತ ಹೋದ ಕೂಡಲೇ ಆ ತುದಿಯ ಯಂತ್ರದಲ್ಲಿ ಗಂಟೆ ಬಾರಿಸುತ್ತಿತ್ತು. ಅಂದರೆ ಈ ಕೀಲಿ ಅಕ್ಷರವನ್ನು ಆಜ್ಞೆಯನ್ನಾಗಿ ಮಾಡುತ್ತದೆ. ಇಂದೂ ಅದರ ಕೆಲಸ ಅದೇ.

ಕತ್ತರಿಸುವುದು, ನಕಲು ಮಾಡುವುದು, ಅಂಟಿಸುವುದು ಎಂಬ ಮೂರು ಕ್ರಿಯೆಗಳನ್ನು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ರೂಪಿಸಿದರು. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಕೀಲಿಮಣೆಯ ಕೆಳಸಾಲನ್ನು ನೋಡಿ: ಝಡ್, ಎಕ್ಸ್, ಸಿ, ವಿ ಒಂದರ ಪಕ್ಕ ಒಂದಿವೆ. ಎಕ್ಸ್ ಹೊಡೆದುಹಾಕುವ ಗುರುತಿನಂತಿದೆ. ವಿ ಅಕ್ಷರ ಕರಡು ತಿದ್ದುವವರು ಬಿಟ್ಟ ಪದ ಸೇರಿಸಲು ಹಾಕುವ ಗುರುತನ್ನು ತಲೆಕೆಳಗು ಮಾಡಿದಂತಿದೆ. ಎಡಗೈ ಇಲ್ಲಿದ್ದರೆ ಬಲಗೈ ಮೌಸ್ ಬಿಡಬೇಕಾಗಿಲ್ಲ.

ನಮ್ಮ ಸಂಕಲನ ಕೊಠಡಿಯಲ್ಲೂ ಇದೇ ನ್ಯಾಯ. ದೃಶ್ಯ ಸಂಕಲನದ ಅನೇಕ ತಂತ್ರಾಂಶಗಳಲ್ಲಿ ಜೆ ಹಿಂದಕ್ಕೆ, ಕೆ ನಿಲ್ಲು, ಎಲ್ ಮುಂದಕ್ಕೆ. ಕಣ್ಣು ಚಿತ್ರದ ಮೇಲೆಯೇ ಇರಬೇಕು, ಬೆರಳು ತಾನಾಗಿ ದಾರಿ ಹುಡುಕಬೇಕು. ವೇಗ ಬರುವುದು ಕೈ ಓಡುವುದರಿಂದಲ್ಲ, ಗಮನ ಕದಲದಿರುವುದರಿಂದ.

ಆದರೆ ನೂರು ಒಳದಾರಿಗಳ ಪಟ್ಟಿ ಬಾಯಿಪಾಠ ಮಾಡಬೇಡಿ, ಉಳಿಯುವುದಿಲ್ಲ. ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುವವರೊಬ್ಬರು ನಲವತ್ತು ಪುಟದ ಪ್ರಬಂಧ ತಿದ್ದಬೇಕೆನ್ನಿ. ಅವರಿಗೆ ಬೇಕಾದವು ನಾಲ್ಕಾರು: ಪದ ಹುಡುಕಲು ಕಂಟ್ರೋಲ್ ಎಫ್, ಬದಲಿಸಲು ವರ್ಡ್‌ನಲ್ಲಿ ಕಂಟ್ರೋಲ್ ಎಚ್, ಪದದಿಂದ ಪದಕ್ಕೆ ಹಾರಲು ಕಂಟ್ರೋಲ್ ಮತ್ತು ಬಾಣದ ಕೀಲಿ, ಕರೆಂಟು ಹೋಗುವ ಮೊದಲೇ ಕಂಟ್ರೋಲ್ ಎಸ್.

ಕನ್ನಡದಲ್ಲಿ ಹುಡುಕುವಾಗ ಒಂದು ಎಚ್ಚರ. ಹಳೆಯ ಕಡತಗಳ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ 'ನ್ಯಾಯ' ಎಂದೇ ಕಾಣುತ್ತದೆ. ಕಂಪ್ಯೂಟರಿಗೆ ಅದು ಬೇರೇನೋ. ನೀವು ಯೂನಿಕೋಡಿನಲ್ಲಿ ಹುಡುಕಿದರೆ ಪದ ಇಲ್ಲವೆಂದೇ ಉತ್ತರ ಬರುತ್ತದೆ. ಅಂಥ ಕಡತವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಹೊಸದಾಗಿ ಬರೆಯುವುದನ್ನಂತೂ ಯೂನಿಕೋಡಿನಲ್ಲೇ ಬರೆಯಿರಿ.

ವಿಂಡೋಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲೇ ಇದೆ, ಲಿನಕ್ಸ್‌ನಲ್ಲಿ ಕಗಪ ವಿನ್ಯಾಸವೂ ಸಿಗುತ್ತದೆ. ವಿಂಡೋಸ್‌ನಲ್ಲಿ ಕನ್ನಡವನ್ನು ಒಮ್ಮೆ ಸೇರಿಸಿಕೊಂಡರೆ, ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದಾಗ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತೀರಿ. ದಿನಕ್ಕೆ ಅರ್ಧ ಪುಟದಂತೆ ಒಂದು ತಿಂಗಳು ಬರೆದು ನೋಡಿ. ಮೊದಲ ವಾರ ಬೆರಳು ತಡಕಾಡುತ್ತದೆ.