ಮನೆತನದ ನೆನಪು, ವಂಶವಾಹಿಯ ಓದು



ಮಲಪ್ರಭೆಯ ದಂಡೆಯ ಈ ಮನೋಳಿಯಲ್ಲಿ ವಿಜ್ಞಾನ ಸಮ್ಮೇಳನ ಕೂಡಿಸಿ, ಅದರ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಅಣು ತಳಿವಿಜ್ಞಾನ ನನ್ನ ವೃತ್ತಿ. ಕ್ಯಾನ್ಸರನ್ನು ನಮ್ಮ ದೇಹದ ರೋಗನಿರೋಧಕ ಶಕ್ತಿ ಹೇಗೆ ಎದುರಿಸುತ್ತದೆ, ಕೆಲವು ರೋಗಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದು ಬರುತ್ತವೆ ಎಂಬ ಎರಡು ಪ್ರಶ್ನೆಗಳ ಬೆನ್ನು ಹತ್ತಿ ನನ್ನ ದುಡಿಮೆಯ ವರ್ಷಗಳು ಕಳೆದಿವೆ. ಅಲ್ಲಿ ಕಲಿತದ್ದರಲ್ಲಿ ಒಂದು ಮಾತನ್ನು ಇಂದು ನಿಮ್ಮ ಮುಂದಿಡುತ್ತೇನೆ: ಈ ವಿಜ್ಞಾನಕ್ಕೆ ಮೊದಲ ಸಾಕ್ಷಿ ನುಡಿಯುವವರು ಮನೆಯ ಹಿರಿಯರು. ಅವರ ಮಾತನ್ನು ಕೇಳಿ ಬರೆದಿಡುವ ವ್ಯವಸ್ಥೆ ನಮ್ಮ ಜಿಲ್ಲೆಗಳಲ್ಲೇ ಆಗಬೇಕು.

1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗವಿಜ್ಞಾನಿ ಆಲ್ಡ್ರೆಡ್ ವಾರ್ತಿನ್ ಅವರಿಗೆ ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳೊಬ್ಬಳು ತನ್ನ ದುಃಖ ತೋಡಿಕೊಂಡಳು. ನಮ್ಮ ಮನೆತನದಲ್ಲಿ ಎಷ್ಟೋ ಮಂದಿ ಹೊಟ್ಟೆಯ, ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದಾರೆ, ನನಗೂ ಅದೇ ಗತಿ ಎಂದಳು. ವಾರ್ತಿನ್ ಆ ಮಾತನ್ನು ತಳ್ಳಿಹಾಕಲಿಲ್ಲ. ಅವಳ ವಂಶಾವಳಿಯನ್ನು ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ಅವಳು ಹೇಳಿದಂತೆಯೇ ಆಯಿತು, ಗರ್ಭಕೋಶದ ಕ್ಯಾನ್ಸರ್ ಅವಳನ್ನು ಒಯ್ದಿತು. 1960ರ ದಶಕದಲ್ಲಿ ವೈದ್ಯ ಹೆನ್ರಿ ಲಿಂಚ್ ಇಂಥ ಇನ್ನಷ್ಟು ಮನೆತನಗಳನ್ನು ಗುರುತಿಸಿದರು. ಕಾರಣವಾದ ವಂಶವಾಹಿಗಳಲ್ಲಿ ಮುಖ್ಯವಾದ ಎಂಎಸ್‌ಎಚ್2, ಎಂಎಲ್‌ಎಚ್1 ಸಿಕ್ಕಿದ್ದು 1993 ಮತ್ತು 1994ರಲ್ಲಿ. ಒಬ್ಬ ಹೊಲಿಗೆಯವಳ ಮಾತನ್ನು ಮುಟ್ಟಲು ನಮ್ಮ ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತು.

ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯ ನಕಲಿನಲ್ಲಿ ತಪ್ಪುಗಳಾಗುತ್ತವೆ. ಅವನ್ನು ತಿದ್ದುವುದು ಈ ವಂಶವಾಹಿಗಳ ಕೆಲಸ. ತಿದ್ದುವವರೇ ಇಲ್ಲವಾದಾಗ ತಪ್ಪುಗಳು ರಾಶಿ ಬಿದ್ದು ಕ್ಯಾನ್ಸರ್ ಹುಟ್ಟುತ್ತದೆ. ಆದರೆ ಆ ತಪ್ಪುಗಳಿಂದಲೇ ಕ್ಯಾನ್ಸರ್ ಕೋಶ ನಮ್ಮ ರೋಗನಿರೋಧಕ ಶಕ್ತಿಯ ಕಾವಲುಗಾರರಾದ ಟಿ-ಕೋಶಗಳ ಕಣ್ಣಿಗೆ ಪರಕೀಯವಾಗಿ ಕಾಣತೊಡಗುತ್ತದೆ. ಟಿ-ಕೋಶ ಮೇಲೆ ಬೀಳದಂತೆ ಕ್ಯಾನ್ಸರ್ ಅದರ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಆ ಬ್ರೇಕನ್ನು ಬಿಡಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಅಂಥ ಔಷಧ ಈ ತಿದ್ದುಪಡಿ ದೋಷವಿರುವ ಕ್ಯಾನ್ಸರುಗಳಿಗೆ ಚೆನ್ನಾಗಿ ನಾಟುತ್ತದೆಂದು 2015ರಲ್ಲಿ ಗೊತ್ತಾಯಿತು. 2017ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಡುವಾಗ ಯಾವ ಅಂಗದ ಕ್ಯಾನ್ಸರ್ ಎಂದು ನೋಡದೆ, ಈ ದೋಷವಿದೆಯೇ ಎಂಬುದನ್ನು ಮಾತ್ರ ನೋಡಿತು. ವಂಶದಲ್ಲಿ ಇಳಿದು ಬಂದ ದೋಷವೇ ಮದ್ದಿನ ದಾರಿಯನ್ನೂ ತೋರಿಸಿತು. ನನ್ನ ಎರಡು ಪ್ರಶ್ನೆಗಳು ಕೂಡುವುದು ಇಲ್ಲಿಯೇ.

ಈಗ ನಮ್ಮ ನಾಡಿಗೆ ಬರೋಣ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕುಟುಂಬಗಳ ಜನ ಸೊಂಟ, ಮೊಣಕಾಲು ಹಿಡಿದು ನಡೆಯಲಾರದವರಾದರು. ಮೊದಲು ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಅನುಮಾನ ಹೋಯಿತು. ಮನೆತನಗಳ ವಂಶಾವಳಿ ಬಿಡಿಸಿ ನೋಡಿದ ಮೇಲೆ ಇದು ಮೂಳೆಗೆ ಸಂಬಂಧಿಸಿದ ಆನುವಂಶಿಕ ರೋಗವೆಂದು ತಿಳಿಯಿತು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಅರ್ಧದಷ್ಟು.

1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದರು. ಬೆಂಗಳೂರು, ಮೈಸೂರುಗಳಲ್ಲಿ ಅವರು ಲೆಕ್ಕ ಹಾಕಿದ ಮದುವೆಗಳಲ್ಲಿ ಮೂರರಲ್ಲೊಂದರ ಆಸುಪಾಸು ರಕ್ತಸಂಬಂಧದವು. ಅವುಗಳಲ್ಲಿ ಸೋದರಮಾವ–ಸೋದರಸೊಸೆಯ ಮದುವೆಗಳೇ ಹೆಚ್ಚು. ನಮ್ಮ ಕಡೆಗೂ ಇದು ಹೊಸ ಮಾತಲ್ಲ. ಸೋದರಮಾವನ ಮದುವೆಯಲ್ಲಿ ಹುಟ್ಟಿದ ಮಗುವಿನ ವಂಶವಾಹಿಗಳಲ್ಲಿ ಎಂಟರಲ್ಲೊಂದು ಪಾಲು ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬರುತ್ತದೆ. ಅತ್ತೆಮಾವನ ಮಕ್ಕಳ ಮದುವೆಯಲ್ಲಿ ಅದು ಹದಿನಾರರಲ್ಲೊಂದು. ಇಂಥ ಸಂಬಂಧಗಳಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಅಡಗಿದ ದೋಷವೊಂದಿದ್ದು, ಗಂಡ ಹೆಂಡತಿ ಇಬ್ಬರೂ ಅದನ್ನು ಹೊತ್ತವರಾಗಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. ಇದನ್ನು ಬೀಗತನ ಮಾತಾಡುವ ಮೊದಲೇ ತಿಳಿದಿರಬೇಕು.

ವಂಶಾವಳಿ ಬಿಡಿಸುವುದಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ರೋಗವಿದ್ದವರ ಗುರುತನ್ನು ತುಂಬಿ ಕಪ್ಪು ಮಾಡಬೇಕು, ತೀರಿಕೊಂಡವರ ಮೇಲೆ ಓರೆ ಗೆರೆ ಎಳೆಯಬೇಕು, ಕಳ್ಳುಬಳ್ಳಿಯ ಮದುವೆಗೆ ಜೋಡಿ ಗೆರೆ. ನನ್ನ ಅನುಭವದಲ್ಲಿ ಈ ಹಾಳೆಯನ್ನು ತುಂಬಿಸಿಕೊಟ್ಟವರು ಹೆಚ್ಚಾಗಿ ಅಜ್ಜಿಯರು. ಹುಟ್ಟಿ ಮೂರನೆಯ ದಿನಕ್ಕೆ ಹೋದ ಕೂಸು, ಹಾಲು ಕುಡಿಯದೆ ಸೊರಗಿದ ಕೂಸು, ಯಾವ ಊರಿಗೆ ಕೊಟ್ಟ ಮಗಳು ಎದೆಯ ಗಂಟಿನಿಂದ ಸತ್ತಳು ಎಂಬುದೆಲ್ಲ ಅವರ ಬಾಯಲ್ಲಿದೆ. ಯಾವ ಆಸ್ಪತ್ರೆಯ ಕಡತದಲ್ಲೂ ಇಲ್ಲದ ಸಂಗತಿ ಅದು. ಅವರ ಕಾಲ ಮುಗಿಯುವ ಮೊದಲು ಬರೆದುಕೊಳ್ಳಿ.

ಇನ್ನೊಂದು ಮಾತು. ಮಗುವಿಗೆ ಕಾಯಿಲೆ ಬಂದರೆ ತಾಯಿಯನ್ನು ದೂರುವ ರೂಢಿ ನಮ್ಮಲ್ಲಿದೆ. ಶಾಪ, ಕರ್ಮ ಎನ್ನುವುದೂ ಇದೆ. ಎಲ್ಲವ್ವನ ಗುಡ್ಡಕ್ಕೆ ಹರಕೆ ಹೊತ್ತು ಹೋಗುವ ತಾಯಿಗೆ ನಾನು ಕೈಮುಗಿಯುತ್ತೇನೆ. ಅವಳಿಗೆ ಹೇಳಬೇಕಾದದ್ದು ಇಷ್ಟೇ: ತಾಯಿ, ಇದು ನಿನ್ನ ತಪ್ಪಲ್ಲ. ಅಡಗಿದ ದೋಷ ಹೆಚ್ಚಾಗಿ ತಂದೆಯಿಂದಲೂ ಅಷ್ಟೇ ಬರುತ್ತದೆ. ಹರಕೆ ತೀರಿಸಿ ಬಂದ ಮೇಲೆ ಮಗುವಿನ ರಕ್ತ ಪರೀಕ್ಷೆಯನ್ನೂ ಮಾಡಿಸು.

ಇನ್ನು ಕ್ಯಾನ್ಸರಿನ ಮದ್ದಿನ ಮಾತು. ರೋಗಿಯ ಟಿ-ಕೋಶಗಳನ್ನೇ ಹೊರತೆಗೆದು, ಹೊಸ ವಂಶವಾಹಿ ಸೇರಿಸಿ, ಮತ್ತೆ ದೇಹಕ್ಕೆ ಬಿಡುವ ಕಾರ್-ಟಿ ಚಿಕಿತ್ಸೆಗೆ ನಮ್ಮ ದೇಶದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ರೂಪ ಕೊಟ್ಟವು. 2023ರಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಮದ್ದು ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಆದರೂ ಅದರ ಬೆಲೆ ಲಕ್ಷಗಟ್ಟಲೆ, ನಮ್ಮ ರೈತನ ಕೈಗೆ ನಿಲುಕದ್ದು.

ಆದ್ದರಿಂದ ಈ ಸಮ್ಮೇಳನ ಮೂರು ಬೇಡಿಕೆಗಳನ್ನು ಸರ್ಕಾರದ ಮುಂದಿಡಲಿ. ಬೆಳಗಾವಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳಲ್ಲಿ ಕನ್ನಡದಲ್ಲಿ ಮಾತಾಡುವ ತಳಿ ಸಮಾಲೋಚಕರು ಬಡವರಿಗೆ ಉಚಿತವಾಗಿ ಸಿಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಬೇಕು. ಒಂದೇ ಮನೆತನದಲ್ಲಿ ಸ್ತನದ, ಕರುಳಿನ ಕ್ಯಾನ್ಸರ್ ಮರುಕಳಿಸಿದ್ದರೆ ಉಳಿದವರಿಗೆ ಮೊದಲೇ ತಪಾಸಣೆಯಾಗಬೇಕು. ಅಂಥ ಮನೆತನದವರ ಕರುಳಿನ ಗಂಟನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು. ಅದಕ್ಕೆ ಕೋಟಿ ರೂಪಾಯಿ ಬೇಕಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಈ ವಿದ್ಯೆಗೆ ಬನ್ನಿ. ಓದಿ ಎಲ್ಲಿಗೆ ಹೋದರೂ ಹೋಗಿ, ಕಲಿತದ್ದನ್ನು ನಿಮ್ಮೂರಿನ ತಾಯಂದಿರಿಗೆ ಅವರ ಮಾತಿನಲ್ಲಿ ತಿಳಿಸಿ ಹೇಳುವ ಹೊಣೆಯನ್ನು ಮಾತ್ರ ಬಿಡಬೇಡಿ.