ಘೋಟಿಯ ದಾರಿ, ದುಡಿದವರ ಪಾಲು



ಮುಂಬಯಿಯಿಂದ ನಾಸಿಕದ ಕಡೆಗೆ ಹೋಗಿಬರುವ ನಿಮಗೆ ಘೋಟಿ ಹೊಸ ಹೆಸರೇನಲ್ಲ. ಕಸಾರಾ ಘಾಟಿ ಹತ್ತಿ, ಇಗತಪುರಿ ದಾಟಿದರೆ ಸಿಗುವ ಊರು ಅದು. ಸುತ್ತ ಭತ್ತದ ಗದ್ದೆ, ಊರಲ್ಲಿ ಅಕ್ಕಿ ಗಿರಣಿ, ಭಂಡಾರದರಾ ಕಡೆಗೆ ತಿರುಗುವ ರಸ್ತೆ, ಹೆದ್ದಾರಿಯ ಮೇಲೆ ಟೋಲ್ ನಾಕಾ. ಈಗ ಅದೇ ತಾಲೂಕಿನಲ್ಲಿ ಮುಂಬಯಿ-ನಾಗಪುರ ಸಮೃದ್ಧಿ ಮಹಾಮಾರ್ಗವೂ ಹಾದುಹೋಗಿದೆ. ಒಟ್ಟು ಉದ್ದ 701 ಕಿಲೋಮೀಟರ್. ನಾಗಪುರದಿಂದ ಛತ್ರಪತಿ ಸಂಭಾಜಿನಗರ ಜಿಲ್ಲೆಯನ್ನು ಹಾದು ಶಿರಡಿಯವರೆಗಿನ ಭಾಗ 2022ರ ಡಿಸೆಂಬರ್ 11ರಂದು ಉದ್ಘಾಟನೆಯಾಯಿತು. 2023ರ ಮೇ ತಿಂಗಳಲ್ಲಿ ಇಗತಪುರಿ ತಾಲೂಕಿನ ಭರವೀರದವರೆಗೆ, 2024ರ ಮಾರ್ಚ್‌ನಲ್ಲಿ ಇಗತಪುರಿಯವರೆಗೆ ರಸ್ತೆ ತೆರೆಯಿತು. ಇಗತಪುರಿಯಿಂದ ಠಾಣೆ ಜಿಲ್ಲೆಯ ಆಮಣೆವರೆಗಿನ ಕೊನೆಯ 76 ಕಿಲೋಮೀಟರ್ 2025ರ ಜೂನ್ 5ರಂದು ಸಂಚಾರಕ್ಕೆ ಬಂತು. ಇದೆಲ್ಲಕ್ಕೂ 55 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಾಗಿದೆ.

ಇಂಥ ರಸ್ತೆಯಲ್ಲಿ ಗಾಡಿ ಓಡಿಸಿದಾಗ ಫಾಸ್ಟ್ಯಾಗಿನಿಂದ ಎಷ್ಟು ಹಣ ಕಳೆಯಿತು ಎಂಬ ಸಂದೇಶ ನಮ್ಮ ಮೊಬೈಲಿಗೆ ತಕ್ಷಣ ಬರುತ್ತದೆ. ಆ ರಸ್ತೆಗೆ ಕಲ್ಲು ಹೊತ್ತವರಿಗೆ, ಕಬ್ಬಿಣ ಕಟ್ಟಿದವರಿಗೆ ಕೂಲಿ ಪೂರ್ತಿ ಸಂದಿತೇ ಎಂಬ ಸಂದೇಶ ಮಾತ್ರ ಯಾರಿಗೂ ಬರುವುದಿಲ್ಲ. ಇಂದಿನ ಮಾತುಕತೆ ಅದರ ಬಗ್ಗೆ. ಸಾರ್ವಜನಿಕ ಹಣದಿಂದ ರಸ್ತೆ, ಸೇತುವೆ, ವಿಮಾನ ನಿಲ್ದಾಣ ಕಟ್ಟುವಾಗ ಮೂರು ಪ್ರಶ್ನೆ ಕೇಳಬೇಕಾಗುತ್ತದೆ. ಗುತ್ತಿಗೆಯನ್ನು ನ್ಯಾಯವಾಗಿ ಕೊಟ್ಟರೇ? ದುಡಿದವರಿಗೆ ಕೂಲಿಯೂ ರಕ್ಷಣೆಯೂ ಸಿಕ್ಕಿತೇ? ಹಿಂದೆ ಉಳಿದವರಿಗೂ ಗುತ್ತಿಗೆಯಲ್ಲಿ ಅವಕಾಶ ಸಿಕ್ಕಿತೇ?

ಮೊದಲ ಪ್ರಶ್ನೆಗೆ ನಮ್ಮ ಮುಂಬಯಿಯಲ್ಲೇ ಹುಟ್ಟಿದ ಒಂದು ಉತ್ತರವಿದೆ. ವಕೀಲಿ ಓದಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ರಮಣ ದಯಾರಾಮ ಶೆಟ್ಟಿ ಪ್ರಕರಣ ಖಂಡಿತ ಗೊತ್ತಿರುತ್ತದೆ. 1977ರಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಒಂದು ಎರಡನೇ ದರ್ಜೆಯ ಉಪಾಹಾರ ಗೃಹ ಮತ್ತು ಎರಡು ತಿಂಡಿ ಅಂಗಡಿ ನಡೆಸಲು ಟೆಂಡರ್ ಕರೆದರು. ಕನಿಷ್ಠ 5 ವರ್ಷ ಅನುಭವವಿರುವ, ನೋಂದಾಯಿತ ಎರಡನೇ ದರ್ಜೆಯ ಹೋಟೆಲಿನವರೇ ಅರ್ಜಿ ಹಾಕಬೇಕು ಎಂದು ಪ್ರಕಟಣೆಯಲ್ಲಿತ್ತು. ಕೊನೆಗೆ ಗುತ್ತಿಗೆ ಹೋದದ್ದು ಕ್ಯಾಂಟೀನು ನಡೆಸಿ ಅನುಭವವಿದ್ದ, ಆದರೆ ಆ ಷರತ್ತಿಗೆ ಹೊಂದದ ಒಬ್ಬರಿಗೆ.

1979ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸರ್ಕಾರವಾಗಲಿ, ಸರ್ಕಾರದ ಸಂಸ್ಥೆಯಾಗಲಿ ತಾನೇ ಹಾಕಿದ ಷರತ್ತನ್ನು ತಾನೇ ಮುರಿಯುವಂತಿಲ್ಲ. ಷರತ್ತು ಸಡಿಲ ಎಂದು ಮೊದಲೇ ತಿಳಿದಿದ್ದರೆ ಇನ್ನೆಷ್ಟೋ ಮಂದಿ ಅರ್ಜಿ ಹಾಕುತ್ತಿದ್ದರು; ಅವರ ಸಮಾನ ಅವಕಾಶ ತಪ್ಪಿತು ಎಂದು ನ್ಯಾಯಾಲಯ ಹೇಳಿತು. ಆದರೂ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ಅವರು ತಾವಾಗಿ ಟೆಂಡರ್ ಹಾಕಿದವರಲ್ಲ, ನ್ಯಾಯಾಲಯಕ್ಕೆ ಬಂದದ್ದೂ ತಡವಾಗಿ. ಅಷ್ಟು ಹೊತ್ತಿಗೆ ಗುತ್ತಿಗೆ ಪಡೆದವರು ಹಣ ಹಾಕಿ ಕೆಲಸ ಶುರು ಮಾಡಿಯಾಗಿತ್ತು. ಹೋಟೆಲು, ಕ್ಯಾಟರಿಂಗ್, ಸಾಗಾಟದ ವ್ಯವಹಾರದಲ್ಲಿರುವ ನಮ್ಮವರು ಇದರಿಂದ ತಿಳಿಯಬೇಕಾದದ್ದು ಎರಡು. ಟೆಂಡರಿನ ಷರತ್ತು ಸರ್ಕಾರವನ್ನೂ ಕಟ್ಟಿಹಾಕುತ್ತದೆ. ಅನ್ಯಾಯವಾಯಿತು ಎನಿಸಿದರೆ ಕೂಡಲೇ ಕೇಳಬೇಕು, ಆಮೇಲೆ ನೋಡೋಣ ಎಂದು ಕುಳಿತರೆ ಕಾನೂನು ನಮ್ಮ ಪರವಿದ್ದೂ ಕೈಗೆ ಏನೂ ಬಾರದು.

ಇನ್ನು ಎರಡನೇ ಪ್ರಶ್ನೆ, ದುಡಿದವರದ್ದು. ಇಲ್ಲಿ ನಾವು ದಿಲ್ಲಿಗೆ ಹೋಗಬೇಕು. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಅಲ್ಲಿ ಕ್ರೀಡಾಂಗಣ, ಮೇಲ್ಸೇತುವೆ, ರಸ್ತೆಗಳ ಕೆಲಸ ಹಗಲು ರಾತ್ರಿ ನಡೆದಿತ್ತು. ಆಗಿನ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಹಣವನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರ ತಲೆಗೆ ಒಂದು ರೂಪಾಯಿ ತನ್ನ ದಸ್ತೂರಿ ಎಂದು ಮುರಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಹೆಣ್ಣಾಳುಗಳಿಗೆ ಸಿಗುತ್ತಿದ್ದದ್ದು 7 ರೂಪಾಯಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಇದಕ್ಕೇ ಹುಟ್ಟಿದ ಹಾಗಿದೆ.

ಮೂವರು ಸಮಾಜ ವಿಜ್ಞಾನಿಗಳು ಇದನ್ನು ನೋಡಿ ವರದಿ ಬರೆದರು. ಅದನ್ನು ಆಧರಿಸಿ ಒಂದು ನಾಗರಿಕ ಹಕ್ಕುಗಳ ಸಂಘಟನೆ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಪತ್ರ ಬರೆಯಿತು. ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡ ಸುಪ್ರೀಂ ಕೋರ್ಟು 1982ರ ಸೆಪ್ಟೆಂಬರ್ 18ರಂದು ತೀರ್ಪು ನೀಡಿತು. ಕೂಲಿಯವನು ಗುತ್ತಿಗೆದಾರನ ಆಳು, ನಮಗೆ ಸಂಬಂಧವಿಲ್ಲ ಎಂದು ಸರ್ಕಾರ ನುಣುಚಿಕೊಳ್ಳುವಂತಿಲ್ಲ. ಕೆಲಸ ಯಾರದೋ ಹೊಣೆಯೂ ಅವರದೇ ಎಂದಿತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಬಲವಂತಕ್ಕೆ ಚಾವಟಿಯೇ ಬೇಕಿಲ್ಲ, ಹಸಿವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು.

ಮರುವರ್ಷ, 1983ರ ಜನವರಿಯಲ್ಲಿ ಇದರ ಪರೀಕ್ಷೆ ಒಂದು ಹಳ್ಳಿ ರಸ್ತೆಯ ಮೇಲೆ ನಡೆಯಿತು. ರಾಜಸ್ತಾನದಲ್ಲಿ ಮದನಗಂಜ್‌ನಿಂದ ಹರಮಾಡಾಕ್ಕೆ ಬರಗಾಲ ಪರಿಹಾರದ ಕಾಮಗಾರಿಯಾಗಿ ರಸ್ತೆ ಹಾಕುತ್ತಿದ್ದರು. ಆಳುಗಳಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯ ಹೆಂಗಸರು. ಇದು ಪರಿಹಾರದ ಕೆಲಸ, ಇದಕ್ಕೆ ಕೂಲಿ ಕಾನೂನು ಅನ್ವಯಿಸದು ಎಂದು ರಾಜ್ಯವೇ ಒಂದು ಕಾಯಿದೆ ಮಾಡಿಕೊಂಡಿತ್ತು. ಸಮಾಜ ಸೇವಕ ಸಂಜಿತ್ ರಾಯ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಒಪ್ಪಲಿಲ್ಲ. ಬರಗಾಲದಲ್ಲಿ ಕೆಲಸ ಕೊಟ್ಟದ್ದೇ ಉಪಕಾರ ಎಂದು ಕೂಲಿ ಕಡಿಮೆ ಮಾಡುವ ಹಕ್ಕು ಸರ್ಕಾರಕ್ಕಿಲ್ಲ.

ಕೂಲಿಯಷ್ಟೇ ಮುಖ್ಯವಾದದ್ದು ಜೀವ. 2023ರ ಜುಲೈ 31ರ ನಡುರಾತ್ರಿಯ ಸುಮಾರಿಗೆ, ಘೋಟಿಯಿಂದ ಘಾಟಿ ಇಳಿದರೆ ಸಿಗುವ ಶಹಾಪುರ ತಾಲೂಕಿನಲ್ಲಿ, ಸಮೃದ್ಧಿ ಮಾರ್ಗದ ಸೇತುವೆಗೆ ತೊಲೆ ಕೂರಿಸುವ ಬೃಹತ್ ಯಂತ್ರ ಕುಸಿದು 20 ಮಂದಿ ಸತ್ತರು. ದೂರದ ರಾಜ್ಯಗಳಿಂದ ದುಡಿಯಲು ಬಂದವರು ಅವರಲ್ಲಿದ್ದರು. ಅದಕ್ಕೂ ಮುಂಚೆ, 2020ರ ಮೇ 8ರ ಬೆಳಗಿನ ಜಾವ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕರಮಾಡದ ಬಳಿ 16 ಮಂದಿ ವಲಸೆ ಕಾರ್ಮಿಕರು ರೈಲು ಹಳಿಯ ಮೇಲೆ ಪ್ರಾಣ ಬಿಟ್ಟದ್ದು ನಿಮಗೆ ನೆನಪಿರಬಹುದು. ಲಾಕ್‌ಡೌನಿನಲ್ಲಿ ಕೆಲಸ ಹೋಗಿ, ಜಾಲನಾದಿಂದ ಕಾಲ್ನಡಿಗೆಯಲ್ಲಿ ಮಧ್ಯಪ್ರದೇಶದ ತಮ್ಮ ಊರಿಗೆ ಹೊರಟು, ದಣಿದು ಹಳಿಯ ಮೇಲೆ ಮಲಗಿದ್ದವರು ಅವರು. ವಲಸೆ ಕಾರ್ಮಿಕರ ಲೆಕ್ಕ ಇಡಬೇಕೆಂಬ ಕಾನೂನು 1979ರಿಂದಲೂ ಇತ್ತು. ಆದರೂ ಯಾರು ಎಲ್ಲಿಂದ ಬಂದಿದ್ದಾರೆ ಎಂಬ ಸರಿಯಾದ ಪಟ್ಟಿ ಆ ದಿನಗಳಲ್ಲಿ ಎಲ್ಲೂ ಸಿಗಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಕಷ್ಟ ಬಂದಾಗ ವಾರಸುದಾರರೇ ಇರುವುದಿಲ್ಲ.

ಮೂರನೇ ಪ್ರಶ್ನೆ ಅವಕಾಶದ್ದು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆ ಕೇಂದ್ರದ ಹಣ ಪಡೆಯುವ ಯಾವ ಯೋಜನೆಯಲ್ಲೂ ಜನಾಂಗ, ಬಣ್ಣ, ಮೂಲದೇಶದ ಆಧಾರದಲ್ಲಿ ತಾರತಮ್ಯ ಕೂಡದು ಎಂದಿತು. 1983ರಲ್ಲಿ ಹೆದ್ದಾರಿ ಹಣದ 10 ಶೇಕಡಾ ಹಿಂದುಳಿದವರ ಸಣ್ಣ ಸಂಸ್ಥೆಗಳಿಗೆ ಸೇರಬೇಕೆಂಬ ಗುರಿ ಇಟ್ಟರು. ಕೊಲರಾಡೋದ ಒಂದು ರಸ್ತೆಯ ಅಂಚಿನ ಕಂಬಿ ಹಾಕುವ ಉಪಗುತ್ತಿಗೆಯೇ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1995ರಲ್ಲಿ ಇಂಥ ನಿಯಮಗಳನ್ನು ಬಹಳ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂಬ ತೀರ್ಪು ಬಂತು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾರಿಗೆ ಇಲಾಖೆ, ಜನಾಂಗ ಅಥವಾ ಲಿಂಗ ನೋಡಿ ಹಿಂದುಳಿದವರೆಂದು ಭಾವಿಸುವ ಪದ್ಧತಿಯನ್ನೇ ಕೈಬಿಟ್ಟಿತು. ಈಗ ಪ್ರತಿಯೊಬ್ಬರೂ ತಮ್ಮ ಅನನುಕೂಲವನ್ನು ತಾವೇ ತೋರಿಸಿಕೊಡಬೇಕು.

ನಮ್ಮಲ್ಲಿ ಹೆಜ್ಜೆ ಬೇರೆ ದಿಕ್ಕಿನಲ್ಲಿದೆ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಂತೆ, ಮುಂದೆ ಆದ ತಿದ್ದುಪಡಿ ಸೇರಿ, ಕೇಂದ್ರದ ಇಲಾಖೆ ಮತ್ತು ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ 25 ಶೇಕಡಾ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು. ಅದರೊಳಗೆ 4 ಶೇಕಡಾ ಪರಿಶಿಷ್ಟರಿಂದ, 3 ಶೇಕಡಾ ಮಹಿಳೆಯರಿಂದ. ಕರ್ನಾಟಕ ಇನ್ನೂ ಮುಂದೆ ಹೋಗಿ, ತನ್ನ 1999ರ ಪಾರದರ್ಶಕತೆ ಕಾಯಿದೆಗೆ ತಿದ್ದುಪಡಿ ತಂದು, 2017ರಿಂದ 50 ಲಕ್ಷ ರೂಪಾಯಿವರೆಗಿನ ಸರ್ಕಾರಿ ಕಾಮಗಾರಿಗಳಲ್ಲಿ 17.15 ಶೇಕಡಾ ಪರಿಶಿಷ್ಟ ಜಾತಿಗೆ, 6.95 ಶೇಕಡಾ ಪರಿಶಿಷ್ಟ ಪಂಗಡಕ್ಕೆ ಮೀಸಲಿಟ್ಟಿತು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. 2025ರಲ್ಲಿ ಇದನ್ನು ಮತ್ತೂ ವಿಸ್ತರಿಸುವ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು.

ಮೀಸಲು ಬೇಕೇ ಬೇಡವೇ ಎಂಬುದರಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ. ನನ್ನ ದೃಷ್ಟಿಯಲ್ಲಿ, ತಲೆತಲಾಂತರದಿಂದ ರಸ್ತೆಗೆ ಕಲ್ಲು ಒಡೆದ ಮನೆಯ ಹುಡುಗ ಅದೇ ರಸ್ತೆಯ ಗುತ್ತಿಗೆ ಹಿಡಿಯುವುದು ಚಿಕ್ಕ ಬದಲಾವಣೆಯಲ್ಲ. ಆದರೆ ಕಾಗದದಲ್ಲಿ ಅವನ ಹೆಸರು, ಲಾಭ ಮತ್ತೊಬ್ಬನ ಜೇಬಿಗೆ ಎಂದಾಗಬಾರದು. ಮತ್ತೊಂದು ಮಾತು: ಗುತ್ತಿಗೆದಾರ ಯಾವ ಸಮುದಾಯದವನೇ ಆಗಿರಲಿ, ಅವನ ಆಳಿಗೆ ಪೂರ್ತಿ ಕೂಲಿ ಸಿಗಬೇಕು. ಮೇಲಿನ ನ್ಯಾಯ ಕೆಳಗಿನವರೆಗೆ ಇಳಿಯಬೇಕು.

ಈಗ, ನೀವು ಏನು ಮಾಡಬಹುದು? ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಮುಂಬಯಿ, ಪುಣೆಗಳಲ್ಲಿ ಕಟ್ಟಡ ಮತ್ತು ರಸ್ತೆ ಕೆಲಸ ಮಾಡುವ ಕನ್ನಡಿಗರು ಬಹಳ. ಬೆಳಿಗ್ಗೆ ನಾಕಾದಲ್ಲಿ ಬುತ್ತಿ ಹಿಡಿದು ನಿಂತ ಅವರಲ್ಲಿ ನಿಮ್ಮ ಊರಿನವರೂ ಇರಬಹುದು. ಅವರಿಗೆ ಈ ನಾಲ್ಕು ಮಾತು ತಿಳಿಸಿ.

ಒಂದು, ಹಳೆಯ ಕಾರ್ಮಿಕ ಕಾಯಿದೆಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಗುತ್ತಿಗೆ ಕಾರ್ಮಿಕರ ನಿಯಮ ಹಿಂದೆ 20 ಆಳುಗಳಿದ್ದಲ್ಲಿ ಅನ್ವಯವಾಗುತ್ತಿತ್ತು, ಈಗ 50 ಆಳುಗಳಿರಬೇಕು. ಅಲ್ಲಿ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲಿಕನೇ ಕೊಡಬೇಕು ಎಂಬ ನಿಯಮ ಉಳಿದಿದೆ. ಆದ್ದರಿಂದ ಮುಕಾದಮನ ಹೆಸರಿನ ಜೊತೆಗೆ ಕೆಲಸ ಯಾವ ಇಲಾಖೆಯದು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಇನ್ನು ಕನಿಷ್ಠ ಕೂಲಿಯ ಹಕ್ಕು ಎಷ್ಟೇ ಕಡಿಮೆ ಆಳುಗಳಿದ್ದರೂ ಇದ್ದೇ ಇದೆ.

ಎರಡು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಕಾಮಗಾರಿಯ ವೆಚ್ಚದ ಮೇಲೆ ಒಂದು ಶೇಕಡಾ ಸುಂಕ ವಸೂಲಾಗುವುದೇ ಇವರಿಗಾಗಿ. ರಸ್ತೆ ಕೆಲಸದವರೂ ಇದರಲ್ಲಿ ಸೇರುತ್ತಾರೆ.

ಮೂರು, ಹಾಜರಿಯ ಲೆಕ್ಕ ನೀವೂ ಇಡಿ. ಒಂದು ಸಣ್ಣ ಡೈರಿ ಸಾಕು: ತಾರೀಖು, ಜಾಗ, ಎಷ್ಟು ಹೊತ್ತು, ಎಷ್ಟು ಕೈಗೆ ಬಂತು. ಅನುಮಾನವಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಇಲಾಖೆಯಿಂದ ಗುತ್ತಿಗೆಯ ಷರತ್ತುಗಳ ಪ್ರತಿ ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು.

ನಾಲ್ಕು, ವಕೀಲರ ಖರ್ಚಿಗೆ ಹೆದರಬೇಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಿಟ್ಟಿ ದುಡಿಮೆಗೆ ಸಿಕ್ಕಿದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಫೋನ್ ಸಂಖ್ಯೆ 15100.

ಸಣ್ಣ ಉದ್ದಿಮೆ ನಡೆಸುವವರಿಗೂ ಒಂದು ಮಾತು. ನೋಂದಾಯಿತ ಸಣ್ಣ ಉದ್ದಿಮೆಯಿಂದ ಸರಕು, ಸೇವೆ ಪಡೆದವರು ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲ. ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾಯಿದೆ ಹೇಳುತ್ತದೆ. ನಿಮಗೆ ಬಿಲ್ಲು ಸಿಗಲಿಲ್ಲ ಎಂದು ಆಳಿನ ಕೂಲಿ ನಿಲ್ಲಿಸಬೇಡಿ. ನಿಮ್ಮ ಬಾಕಿಗೆ ಕಾನೂನಿದೆ, ಅವನ ಒಲೆಗೆ ಆ ದಿನದ ಕೂಲಿಯೇ ಆಧಾರ.

ಕೇಳುಗರೇ, ಹೊಸ ರಸ್ತೆಯಿಂದ ನಮಗೆ ಎಷ್ಟು ಸಮಯ ಉಳಿಯಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಅದನ್ನು ಹಾಕಿದವರಿಗೆ ಎಷ್ಟು ಬಾಕಿ ಉಳಿಯಿತು ಎಂದೂ ಕೇಳೋಣ. ಆ ರಸ್ತೆಗೆ ಹಣ ಕೊಟ್ಟವರು ನಾವೇ ಆದ್ದರಿಂದ, ಆ ಪ್ರಶ್ನೆ ಕೇಳುವ ಹಕ್ಕೂ ನಮ್ಮದೇ.